ಒಲೆಯ ಸುತ್ತ ಕುರಿಬಲೆ

ರೊಟ್ಟಿ ಸುಡುವಾಗ ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನನಗೊಂದು ಹೆಮ್ಮೆಯಾಗಿತ್ತು. ಅಡುಗೆ ಮಾಡಲು ಯಾರಿಗಾದರೂ ಬರುತ್ತದೆ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಮಾಡಬೇಕಾದರೆ ಕೈ ಪಳಗಿರಬೇಕು ಎಂದು ನಂಬಿದ್ದವಳು ನಾನು. ನನ್ನ ತವರು ಸೊರಬದ ಕಡೆ, ಜಡೆಯ ಹತ್ತಿರ. ನನ್ನಮ್ಮ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ತೊಡೆಯ ಮೇಲೆ ಹಾಕಿಕೊಂಡೇ ಅಕ್ಕಿರೊಟ್ಟಿ ಸುಟ್ಟವಳು. "ಕೆಳಗೆ ಬಿಟ್ರೆ ಎಲ್ಲಿ ಹೋಗ್ತಾವೋ ಯಾರಿಗೆ ಗೊತ್ತು, ತೊಡೆ ಮೇಲಿದ್ರೆ ಕಣ್ಣೆದುರಿಗೇ ಇರ್ತಾವೆ" ಎನ್ನುತ್ತಿದ್ದಳು. ನಮಗೆ ಯಾರಿಗೂ ಏನೂ ಆಗಲಿಲ್ಲ. ಹಾಗಾಗಿ ಅದೇ ಸರಿ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಶಿಕಾರಿಪುರದಲ್ಲಿ ನಾವಿರುವ ಬಾಡಿಗೆ ಮನೆಗೆ ಒಂದು ಸಣ್ಣ ಹಿತ್ತಲಿದೆ. ಅನ್ನ, ಸಾರು ಎಲ್ಲ ಒಳಗೆ ಗ್ಯಾಸಿನ ಮೇಲೆ. ರೊಟ್ಟಿ ಮಾತ್ರ ಹಿತ್ತಲ ಸೌದೆ ಒಲೆಯಲ್ಲಿ. ಹಂಚಿನ ಮೇಲೆ ಬೇಯಿಸಿ ಆಮೇಲೆ ಕೆಂಡಕ್ಕೆ ಹಿಡಿದರೇನೇ ಅದು ಉಬ್ಬುವುದು. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿ ಕಂಡರೆ ನನ್ನ ಗಂಡ ಮೂಗು ಮುರಿಯುತ್ತಾನೆ. ಹಾಗೆ ಮುರಿಯುವುದನ್ನು ಕಲಿಸಿದವಳೂ ನಾನೇ. ಒಲೆ ಇರುವುದು ಹಿಂದಿನ ಗೋಡೆಗೆ ಒತ್ತಿಕೊಂಡು. ಒಂದು ಪಕ್ಕಕ್ಕೆ ಬಟ್ಟೆ ಒಗೆಯುವ ಕಲ್ಲು, ಇನ್ನೊಂದು ಪಕ್ಕಕ್ಕೆ ಸೌದೆ ಒಟ್ಟಿದ್ದೇವೆ. ಎದುರಿಗೆ ಮಣೆ ಹಾಕಿಕೊಂಡು ನಾನು ಕೂರುತ್ತೇನೆ.

ಮಗನಿಗೆ ಆಗ ಒಂದೂಕಾಲು ವರ್ಷ. ಪ್ರತಿ ರೊಟ್ಟಿ ಉಬ್ಬಿದಾಗಲೂ ನಾನು "ಉಬ್ತು ಉಬ್ತು!" ಎನ್ನುವುದು, ಅವನು ಚಪ್ಪಾಳೆ ತಟ್ಟುವುದು ನಮ್ಮಿಬ್ಬರ ಆಟ. ಆ ದಿನ ಎರಡು ರೊಟ್ಟಿಗೆ ತಟ್ಟಿದ. ಮೂರನೆಯದು ತುಂಬ ಚೆನ್ನಾಗಿ ಉಬ್ಬಿತು. ನನ್ನ ಬಲಗೈಯಲ್ಲಿ ಇಕ್ಕಳ, ಎಡಗೈ ಅವನ ಹೊಟ್ಟೆಯ ಸುತ್ತ. ಭದ್ರವಾಗಿ ಹಿಡಿದುಕೊಂಡಿದ್ದೇನೆ ಎಂದುಕೊಂಡಿದ್ದೆ. ಅವನು ಚಪ್ಪಾಳೆ ತಟ್ಟುವ ಬದಲು ಮುಂದಕ್ಕೆ ಬಾಗಿ, ರೊಟ್ಟಿಯನ್ನೇ ತಟ್ಟಲು ಹೋದ. ಪುಟ್ಟ ಅಂಗೈ ರೊಟ್ಟಿಯವರೆಗೆ ಹೋಗಲಿಲ್ಲ, ಪಕ್ಕಕ್ಕೆ ಇಳಿಸಿಟ್ಟಿದ್ದ ಕಾದ ಹಂಚಿನ ಮೇಲೆ ಊರಿತು.

ತಕ್ಷಣ ಅಳಲಿಲ್ಲ. ಉಸಿರು ಎಳೆದುಕೊಂಡು, ತಿರುಗಿ ನನ್ನ ಮುಖ ನೋಡಿದ. ಇದೇನಿದು, ನೀನು ಇದ್ದೀಯಲ್ಲ ಎಂದು ಕೇಳುವಂತೆ ನೋಡಿದ. ಆಮೇಲೆ ಕಿರುಚಿದ.

ನಾನು ಓಡಿಹೋಗಿ ಹಲ್ಲುಜ್ಜುವ ಪೇಸ್ಟ್ ತಂದು ಅಂಗೈ ತುಂಬ ಮೆತ್ತಿದೆ. ಯಾರು ಹೇಳಿಕೊಟ್ಟಿದ್ದೋ, ಎಲ್ಲಿ ಕೇಳಿದ್ದೋ. ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ಆಪಾ ಕಿರುಚಾಟ ಕೇಳಿ ಬಂದವರೇ ಆಟೋ ಕರೆಸಿ ನಮ್ಮನ್ನು ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರಮ್ಮ ಆ ಪೇಸ್ಟನ್ನು ತೊಳೆದು ತೆಗೆಯುವಷ್ಟರಲ್ಲಿ ಮಗು ಇನ್ನೊಮ್ಮೆ ಸುಟ್ಟುಕೊಂಡಷ್ಟೇ ಅತ್ತಿತು.

"ಪೇಸ್ಟ್ ಯಾಕಮ್ಮಾ ಹಚ್ಚಿದ್ರಿ? ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿದಿದ್ರೆ ಸಾಕಿತ್ತು. ಆಮೇಲೆ ಕರ್ಕೊಂಡು ಬರಬಹುದಿತ್ತು," ಎಂದು ಬೈದರು. ಬೈಯುತ್ತಲೇ ಕೇಳಿದರು, "ಹೇಗಾಯ್ತು ಇದು?"

"ಆಡ್ತಾ ಆಡ್ತಾ ಬಂದು ಮುಟ್ಟಿಬಿಟ್ಟ ಮೇಡಂ," ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಬಾಯಿಗೆ ತಾನಾಗಿ ಬಂತು, ನಾನು ತಡೆಯಲಿಲ್ಲ. ಸಂಜೆಯೊಳಗೆ ಅದೇ ಮಾತು ನನ್ನ ಗಂಡನಿಗೆ ಹೋಯಿತು, ಫೋನಿನಲ್ಲಿ ತೊಗರ್ಸಿ ಕಡೆಯ ಮಾವನಿಗೆ ಹೋಯಿತು, ಜಡೆಗೂ ಹೋಯಿತು. ಹೇಳಿ ಹೇಳಿ ನನಗೇ ಅದು ನಿಜವಿರಬೇಕು ಅನ್ನಿಸತೊಡಗಿತು.

ನನ್ನ ಗಂಡ ಮಗನನ್ನು ಗದರಿಸಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಮುದ್ದಿಸುತ್ತ, "ಇನ್ನು ಒಲೆ ಮುಟ್ತೀಯಾ? ತಪ್ಪಾಯ್ತು ಅನ್ನು, ಕಿವಿ ಹಿಡ್ಕೋ," ಎಂದು ಆಟದಂತೆ ಕಲಿಸಿದ. ಮಗ ಎರಡೇ ದಿನದಲ್ಲಿ ಕಲಿತ. ಮನೆಗೆ ಬಂದವರು "ಏನಾಯ್ತೋ ಕೈಗೆ?" ಎಂದರೆ ಸಾಕು, ಎಡಗೈ ತೋರಿಸಿ, ಆಮೇಲೆ ಎರಡೂ ಕಿವಿ ಹಿಡಿದುಕೊಳ್ಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೈ ಸುಟ್ಟಿದ್ದಕ್ಕಿಂತ ಆ ನಗುವಿಗೇ ನನಗೆ ಹೆಚ್ಚು ನಾಚಿಕೆಯಾಗುತ್ತದೆ. ಮಾತೇ ಬಾರದ ಮಗು ನನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡು ಊರಿಗೆಲ್ಲ ಕ್ಷಮೆ ಕೇಳುತ್ತಿತ್ತು.

ಹಿತ್ತಲ ಒಲೆ ಹಚ್ಚುವುದನ್ನು ನಿಲ್ಲಿಸಿದೆ. ಸೌದೆ ಹಸಿಯಿದೆ ಎಂದು ಗಂಡನಿಗೆ ನೆಪ ಹೇಳಿದೆ. ಒಳಗೆ ಗ್ಯಾಸ್ ಹಚ್ಚುವಾಗಲೂ ಮಗನನ್ನು ಕೋಣೆಗೆ ಹಾಕಿ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಅವನು ಒಳಗಿನಿಂದ ಬಾಗಿಲು ಬಡಿದು ಬಡಿದು ಅಳುತ್ತಿದ್ದ, ನಾನು ಹೊರಗೆ ಒಗ್ಗರಣೆ ಸೀಯಿಸುತ್ತಿದ್ದೆ.

ಪಟ್ಟಿ ಬಿಚ್ಚಿ ಹೊಸ ಚರ್ಮ ಬರುವ ಹೊತ್ತಿಗೆ ಮಾವ ಬಂದರು. ಈ ವಯಸ್ಸಿನಲ್ಲೂ ಕುರಿ ಬಿಟ್ಟವರಲ್ಲ. ಒಂದು ಚೀಲದ ತುಂಬ ಕುರಿಹಟ್ಟಿಗೆ ಕಟ್ಟುವ ಬಲೆ, ಕಂಕುಳಲ್ಲಿ ಒಂದು ಕಟ್ಟು ಗೂಟ. ಅವನ್ನು ಬಸ್ಸಿಗೆ ಹತ್ತಿಸುವಾಗ ಕಂಡಕ್ಟರನೊಂದಿಗೆ ಆದ ಜಗಳವನ್ನು ನೀರು ಕುಡಿಯುವ ಮುಂಚೆಯೇ ಹೇಳಿ ಮುಗಿಸಿದರು. ಅಷ್ಟರಲ್ಲಿ ನಾನು ಚಹಾ ಇಡಲು ಮಗನನ್ನು ಕೋಣೆಗೆ ಹಾಕಿದೆ. ಅವನು ಶುರುಮಾಡಿದ.

ಮಾವ ಎದ್ದು ಹೋಗಿ ಬಾಗಿಲು ತೆಗೆದು ಎತ್ತಿಕೊಂಡರು. "ಮರೀನ ಕೂಡಿದ್ರ ದಿನಾಪೂರ್ತಿ ಅರಚ್ತೈತಿ ಯವ್ವಾ. ಒಲೀನ ಕೂಡಿಹಾಕು. ಅದೇನ್ ಅರಚಂಗಿಲ್ಲ."

ಚಹಾ ಕುಡಿದು ಹಿತ್ತಲಿಗೆ ಹೋದರು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೆಲ ನೋಡತೊಡಗಿದರು. ನಾನು ಮಗನ ಕೈ ಹಿಡಿದುಕೊಂಡು ಹಿಂದೆ ನಿಂತಿದ್ದೆ.

"ಹಟ್ಟಿಗೆ ತ್ವಾಳ ಬಿತ್ತು ಅಂದ್ರ ಮೊದ್ಲು ಯಾ ಕಡಿಂದ ನುಗ್ತು ಅಂತ ನೋಡ್ಬೇಕು. ಅದು ಗೊತ್ತಾಗ್ದೆ ಎಲ್ಲಿ ಗೂಟ ಹೊಡದ್ರೂ ಅಷ್ಟ. ಇಂವ ಯಾ ಕಡಿಂದ ಬಂದ?"

"ಈ ಕಡೆಯಿಂದ ಮಾವ," ಎಂದು ಮಣೆಯ ಕಡೆ ಕೈ ತೋರಿಸಿದೆ.

"ಇಲ್ಲಿ ನೀನು ಕುಂತಿರ್ತಿ."

"ಹಾಗಾದ್ರೆ ಆ ಕಡೆಯಿಂದ ಇರಬೇಕು."

"ಅಲ್ಲಿ ಸೌದಿ ಒಟ್ಟೈತಿ. ಈ ಕಡಿ ಕಲ್ಲು." ಅವರ ದನಿಯಲ್ಲಿ ಸಂಶಯವೇನೂ ಇರಲಿಲ್ಲ. ಬಲೆ ಎಲ್ಲಿ ಹಿಡಿಯಬೇಕು ಎಂಬುದೊಂದೇ ಅವರ ಚಿಂತೆ. ತಲೆಯೆತ್ತಿ ಮೊಮ್ಮಗನನ್ನೇ ಕೇಳಿದರು, "ಯಾ ಕಡಿಂದ ಬಂದ್ಯೋ ತ್ವಾಳಾ?"

ಇಬ್ಬರೂ ತನ್ನನ್ನು ನೋಡುತ್ತಿದ್ದಾರೆ, ಒಲೆಯ ಮಾತು ನಡೆಯುತ್ತಿದೆ. ಮಗ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಅಂಗೈ ತೋರಿಸಿ, ಎರಡೂ ಕಿವಿ ಹಿಡಿದುಕೊಂಡ. ಆ ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣದಲ್ಲೇ ಇತ್ತು.

ನನಗೆ ತಡೆಯಲಾಗಲಿಲ್ಲ. ಕೆಳಗೆ ಕೂತು ಅವನ ಕೈಗಳನ್ನು ಕಿವಿಯಿಂದ ತೆಗೆದೆ. "ಅವನು ಎಲ್ಲಿಂದಲೂ ಬರಲಿಲ್ಲ ಮಾವ. ನನ್ನ ತೊಡೆ ಮೇಲೇ ಇದ್ದ. ನಾನೇ ಕೂರಿಸಿಕೊಂಡಿದ್ದೆ," ಎಂದೆ. ಎಂದವಳೇ ಅತ್ತುಬಿಟ್ಟೆ. ಆಸ್ಪತ್ರೆಯಲ್ಲಿ ಅಳಬೇಕಾಗಿದ್ದದ್ದೆಲ್ಲ ಅವತ್ತು ಅತ್ತೆ.

ಮಾವ ಕೈಯಲ್ಲಿದ್ದ ಗೂಟವನ್ನು ಕೆಳಗಿಟ್ಟರು. "ತೊಡೀ ಮ್ಯಾಲಿಂದ," ಎಂದು ತಮಗೆ ತಾವೇ ಹೇಳಿಕೊಂಡರು, ದಾರಿ ಗೊತ್ತಾಯಿತು ಎನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಅಳಬ್ಯಾಡ. ಕಾಯಾಕ ಅಂತನ ಮಡಿಲಾಗ ಇಟ್ಕಂಡಿದ್ದಿ, ಬ್ಯಾರೆ ಎದಕ್ಕೂ ಅಲ್ಲಲ್ಲ," ಎಂದರು. "ಆದ್ರ ಹಂಗಾರೆ ಬಲಿ ಒಂದ ಸಾಲಂಗಿಲ್ಲ. ಬಲಿ ಹೊರಗ ಇಂವನ ಹಿಡಕಂಡು ಒಬ್ರು ನಿಲ್ಬೇಕು. ಯಾರೂ ಇಲ್ದ ದಿನ ರೊಟ್ಟಿ ಬ್ಯಾಡ, ಅನ್ನ ಉಣ್ರಿ."

ಒಲೆಯಿಂದ ಎರಡು ಮಾರು ದೂರದಲ್ಲಿ ಗೂಟ ಹೊಡೆದು, ನನ್ನ ಎದೆಯೆತ್ತರಕ್ಕೆ ಬಲೆ ಬಿಗಿದರು. ನಾನೊಬ್ಬಳು ಒಳಗೆ ಹೋಗುವಷ್ಟು ಜಾಗ ಬಿಟ್ಟು, ಅದಕ್ಕೆ ಕೊಕ್ಕೆ ಹಾಕಿದರು. ರೊಟ್ಟಿ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚುವ ನನ್ನ ಅಭ್ಯಾಸವನ್ನೂ ಬಿಡಿಸಿದರು: ಮೇಲೆ ತಣ್ಣಗೆ ಕಂಡರೂ ಒಳಗೆ ಬೆಂಕಿ ಇರುತ್ತದೆ, ಮಕ್ಕಳಿಗೆ ಅದು ತಿಳಿಯುವುದಿಲ್ಲ, ನೀರು ಹಾಕಿ ಆರಿಸು ಎಂದರು. ಎಂಟು ದಿನ ಇದ್ದರು. ಎಂಟು ದಿನವೂ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಲೆಯ ಹೊರಗೆ ನಿಂತರು. ಹಟ್ಟಿಯೊಳಗೆ ಕೂತ ಕುರಿ ನಾನು. ರೊಟ್ಟಿ ಉಬ್ಬಿದಾಗ ಮಗ ಅಲ್ಲಿಂದಲೇ ಚಪ್ಪಾಳೆ ತಟ್ಟಿದ. ಮೊದಲ ದಿನ ಮಗನ ಕಡೆಯೇ ನೋಡುತ್ತ ಎರಡು ರೊಟ್ಟಿ ಹರಿದೆ. ಮಾವ ಅವನ್ನೇ ಕೇಳಿ ಹಾಕಿಸಿಕೊಂಡು ತಿಂದರು.

ಮಾವನಿಗೆ ಹೇಳಿದ ದಿನ ಸಂಜೆಯೇ ಗಂಡನಿಗೂ ಹೇಳಿದೆ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. "ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಒಮ್ಮೆ ಕೇಳಿ, ಮರುದಿನವಿಡೀ ಮಾತು ಕಡಿಮೆ ಮಾಡಿದ. ಆಮೇಲೆ ಸರಿಹೋದ. ಈಗ ಮಾವ ನಿಲ್ಲುತ್ತಿದ್ದ ಜಾಗದಲ್ಲಿ ಅವನು ನಿಲ್ಲುತ್ತಾನೆ.

ಕಿವಿ ಹಿಡಿಯುವುದನ್ನು ಬಿಡಿಸಲು ಮಾತ್ರ ತಿಂಗಳುಗಳೇ ಹಿಡಿದವು. ಕಲಿಸಿದ್ದು ಎರಡು ದಿನದಲ್ಲಿ. ಅವನು ಕಿವಿಗೆ ಕೈ ಹಾಕಿದಾಗಲೆಲ್ಲ ನಾನು ಆ ಕೈ ಇಳಿಸಿ, ಅವನ ಬೆರಳನ್ನು ನನ್ನ ಎದೆಗೆ ಮುಟ್ಟಿಸಿ, "ನೀನಲ್ಲ ಕಂದಾ, ಅಮ್ಮ," ಎನ್ನುತ್ತಿದ್ದೆ. ಬಂದವರ ಎದುರಿಗೂ ಹೇಳಿದೆ. ಕೆಲವರು ಪಾಪ ಎಂದರು, ಕೆಲವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಗ ಎಲ್ಲವನ್ನೂ ಕೇಳಿ, ಮತ್ತೆ ಕಿವಿಯನ್ನೇ ಹಿಡಿಯುತ್ತಿದ್ದ.

ಹೋದ ವಾರ ಆಪಾ ಅವರ ಮನೆಗೆ ರವಿಕೆ ಹೊಲಿಸಲು ಹೋಗಿದ್ದೆವು. ಅಲ್ಲಿ ಕೂತಿದ್ದ ಒಬ್ಬ ಹೆಂಗಸು, ನಮಗೆ ಗುರುತಿಲ್ಲದವಳು, ಮಗನ ಅಂಗೈ ಹಿಡಿದು ನೋಡಿದಳು. "ಅಯ್ಯೋ, ಏನಾಯ್ತೋ ರಾಜಾ ಇಲ್ಲಿ? ಯಾರು ಮಾಡಿದ್ದು?"

ಅವನ ಕೈ ಮೇಲಕ್ಕೆದ್ದಿತು. ಇಳಿಸಬೇಕೆಂದು ನಾನು ಎದ್ದೆ. ಆದರೆ ಅದು ಕಿವಿಗೆ ಹೋಗಲಿಲ್ಲ. ತಿರುಗಿ, ಬೆರಳು ಚಾಚಿ, ನನ್ನನ್ನು ತೋರಿಸಿದ.

"ಅಮ್ಮ," ಎಂದ.

ಹೆಂಗಸಿನ ಮುಖ ಬಿಗಿಯಿತು. ಆಪಾ ಹೊಲಿಗೆ ಯಂತ್ರ ನಿಲ್ಲಿಸಿದರು.

"ಹೌದು ರೀ, ನಾನೇ," ಎಂದೆ. ಖುಷಿಯಲ್ಲಿ ಅವನನ್ನು ಎತ್ತಿಕೊಂಡು ಆ ಬೆರಳಿಗೆ ಮುತ್ತಿಟ್ಟೆ.