ದಳ್ಳಾಳಿ ಮಾವನ ಬಲಗೈ

ಮಂಡಿನೋವಿಗೆಂದು ಮೊನ್ನೆ ತುಮಕೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ವ್ಯಾಯಾಮ ಮಾಡಿಸುವ ಕೊಠಡಿಯಲ್ಲಿ ಮೇಣ ಕಾಯಿಸುತ್ತಿದ್ದರು. ಆ ಬಿಸಿಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಗುಬ್ಬಿಯ ದಳ್ಳಾಳಿ ಮಾವ ನೆನಪಾದರು…

ಅರವತ್ತರ ದಶಕದ ಮಾತು. ನಾನು ಆಗತಾನೇ ಎತ್ತಿನ ವ್ಯಾಪಾರಕ್ಕೆ ಇಳಿದಿದ್ದೆ. ಅವರು ನನಗೆ ಸಂಬಂಧಿಕರೇನಲ್ಲ. ಸಂತೆಯಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಇಬ್ಬರ ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳಿಗೆ ನೂರು ರೂಪಾಯಿಯ ಲೆಕ್ಕದಲ್ಲಿ ಒತ್ತಿಯೇ ವ್ಯಾಪಾರ ಕುದುರಿಸಬೇಕು. ಮುಖ ಮಾತ್ರ ಎತ್ತಲೋ ನೋಡುತ್ತಿರಬೇಕು. ಎದುರಿನವನ ಮುಖ ನೋಡಿದವನು ವ್ಯಾಪಾರಿಯೇ ಅಲ್ಲ ಎಂದು ನನಗೆ ಕಲಿಸಿದವರೇ ಅವರು.

ಅಂಥ ಮಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು.

ತುಮಕೂರಿಗೆ ತಂದು ಸೇರಿಸಿದೆವು. ಜೀವಕ್ಕೇನೂ ಭಯವಿಲ್ಲ ಎಂದಾದ ಮೇಲೆ ವ್ಯಾಯಾಮದ ಕೊಠಡಿಗೆ ಕಳಿಸಿದರು. ಅಲ್ಲಿನ ಸಿಸ್ಟರ್ ಕೈಯನ್ನು ಬಿಸಿಮೇಣದಲ್ಲಿ ಅದ್ದಿಸಿ, ಆಮೇಲೆ ರಬ್ಬರ್ ಚೆಂಡು ಹಿಸುಕಲು ಕೊಟ್ಟರೆ ಮಾವ ಮುಖ ತಿರುಗಿಸಿಬಿಟ್ಟರು.

“ಚೆಂಡಾಡಕ್ಕೆ ನಾನೇನ್ ಸ್ಕೂಲ್ ಹುಡುಗ್ನೇನವ್ವಾ?”

ಗಿರಾಕಿಗೆ ಬೇಕಾದ್ದನ್ನೇ ಮುಂದಿಡಬೇಕು. ನನ್ನ ಹೆಗಲ ಟವೆಲ್ ತೆಗೆದು ಅವರ ಕೈಮೇಲೆ ಹಾಸಿ, ಒಂದು ಜೋಡಿ ಎತ್ತುಗಳಿವೆ, ಎಷ್ಟಕ್ಕೆ ಕೇಳ್ತೀರಿ ಎಂದೆ. ಬೆರಳು ಅಲುಗಿತು. ಸಿಸ್ಟರ್ ಬಹಳ ಚುರುಕು, ತಾವೂ ಕಲಿತರು. ಆಮೇಲೆ ದಿನವೂ ಇಲ್ಲದ ಎಮ್ಮೆಗೆ ಚೌಕಾಸಿ! “ಈಯವ್ವ ಸಂತೆಗ್ ಬಂದ್ರೆ ನಮ್ ಹೊಟ್ಟೆ ಮೇಲೆ ತಣ್ಣೀರ್ ಬಟ್ಟೆನೇ ಕಣ್ಲಾ” ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಮೂರು ಬೆರಳು ಗಟ್ಟಿಯಾದವು. ಕಿರುಬೆರಳು ಮಾತ್ರ… ಅಷ್ಟರಲ್ಲೇ ಮಾವ ಹೊರಟುನಿಂತರು. ಮನೆಯಲ್ಲೇ ಸಾಕಿದ ಜೋಡಿ ಹೋರಿಗಳನ್ನು ಕುಣಿಗಲ್ ಕಡೆಯ ಸಂತೆಯಲ್ಲಿ ಸ್ವಂತ ಕೈಯಿಂದ ಮಾರಿ, ಕಸುಬಿಗೆ ಮರಳಿದ್ದೇನೆಂದು ನಾಲ್ಕು ಜನಕ್ಕೆ ತೋರಿಸಬೇಕಿತ್ತು ಅವರಿಗೆ. ಇನ್ನೂ ಸ್ವಲ್ಪ ದಿನ ಬನ್ನಿ ಎಂದು ಸಿಸ್ಟರ್ ಎಷ್ಟೋ ಹೇಳಿದರು. ನಿಮ್ಮಿಬ್ಬರಿಗೂ ನನ್ನ ಬೆರಳು ತಿಳಿಯುತ್ತಲ್ಲ, ಇನ್ನೇನು ಎಂದರು ಮಾವ.

ನಮಗೆ ತಿಳಿಯುತ್ತಿದ್ದುದು ಬೆರಳಿನಿಂದಲ್ಲ. ನಾವು ಅವರ ಮುಖ ನೋಡುತ್ತಿದ್ದೆವು.

ಸಂತೆಯಲ್ಲಿ ಮುಖ ನೋಡುವವರು ಯಾರು? ಕೊಳ್ಳಲು ಬಂದಿದ್ದವನು ಹೆಬ್ಬೂರಿನವನು, ಪದ್ಧತಿಯಂತೆ ಆಚೆ ನೋಡುತ್ತಿದ್ದ. ಮಾವ ಒತ್ತಿದ್ದು ನಾಲ್ಕು ಬೆರಳು. ಅವನ ಅಂಗೈಗೆ ಮುಟ್ಟಿದ್ದು ಮೂರು. ಆಯ್ತು ಎಂದವನೇ ಮುನ್ನೂರು ಎಣಿಸಿಕೊಟ್ಟು ಖುಷಿಯಿಂದ ಹಗ್ಗ ಹಿಡಿದುಕೊಂಡ. ಮೋಸವೇನಿಲ್ಲ, ಅವನಿಗೆ ಸಿಕ್ಕಿದ್ದೇ ಅಷ್ಟು. ಕಾಯಿಲೆಯ ವಿಷಯ ಹೇಳಿಬಿಡುತ್ತೇನೆಂದು ನಾನು ಮುಂದೆ ಹೋದರೆ, ಮಾವ ಎಡಗೈಯಲ್ಲಿ ನನ್ನ ರಟ್ಟೆ ಹಿಡಿದರು.

“ಬುಡ್ಲಾ. ಕೈ ಹೇಳ್ತು, ಮುಗೀತು. ಈಗ ನೀನ್ ಬಾಯ್ ಬುಟ್ರೆ ನಾಳೆ ನಂಗ್ಯಾರ್ ಕೈ ನೀಡ್ತಾರೆ?”

ನಾನು ಬಾಯಿ ಬಿಡಲಿಲ್ಲ. ಆದರೆ ಸಂತೆಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಮುಂದಿನ ವಾರಗಳಲ್ಲಿ ಎಲ್ಲರೂ ಮಾವನಿಗೆ ಕಾಫಿ ಕೊಡಿಸಿದರು, ನೆರಳಲ್ಲಿ ಜಾಗ ಬಿಟ್ಟರು. ಕೈಯನ್ನು ಮಾತ್ರ ಯಾರೂ ನೀಡಲಿಲ್ಲ. ಮತ್ತೆ ಆಸ್ಪತ್ರೆಗೆ ಹೋಗೋಣ ಎಂದು ಕರೆದೆ. “ಯಾವ ಯಾಪಾರಕ್ಕೆ?” ಎಂದರು. ಮುಂದಿನ ಬೇಸಿಗೆ ದಾಟಲಿಲ್ಲ…

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾದರೆ ನನ್ನ ಮಾತು ಕೇಳಿ. ಮನೆಯವರಿಗೆ ಅರ್ಥವಾದರೆ ಕೈ ವಾಸಿಯಾಯಿತೆಂದಲ್ಲ. ಗುರುತಿಲ್ಲದವನಿಗೂ ಅರ್ಥವಾಗುವ ತನಕ ವ್ಯಾಯಾಮ ಬಿಡಿಸಬೇಡಿ.

ಮೊನ್ನೆ ನನ್ನ ಪಕ್ಕದಲ್ಲಿದ್ದ ಊರ್ಡಿಗೆರೆಯವರೊಬ್ಬರು ಸಾಕು, ವಾಸಿಯಾಯಿತು ಎಂದು ಎದ್ದಿದ್ದರು. ಇಷ್ಟನ್ನೂ ಹೇಳಿದೆ. ಪುನಃ ಕೂತರು. ಮಾವನಿಗೆ ಹೀಗೆ ಕಾರಣ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ನನಗೆ ಗೊತ್ತಾದದ್ದೇ ಆ ಹೋರಿಗಳು ಹೆಬ್ಬೂರಿನ ದಾರಿ ಹಿಡಿದ ಮೇಲೆ.