ಮೂರನೆಯ ಭಾನುವಾರದ ‘ಉಂಟು’

ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಸಾಕ್ಷಿ ಹೇಳಲು ಎದ್ದು, ‘ದೇವರು ನನ್ನೊಡನೆ ಮಾತಾಡಿದ’ ಎಂದರೆ, ‘ಯಾವ ಭಾಷೆಯಲ್ಲಿ?’ ಎಂದು ಕೇಳಬೇಕೆನಿಸುತ್ತಿದ್ದ ಹೆಂಗಸು ನಾನು. ಕೇಳುತ್ತಿರಲಿಲ್ಲ, ಅಷ್ಟೆ. ಹುಟ್ಟಿನಿಂದಲೇ ನನಗೆ ಅನುಮಾನ ಜಾಸ್ತಿ. ಇದನ್ನು ಓದಿ ನೀವು ನನ್ನನ್ನೇ ಅನುಮಾನಿಸಿದರೂ ಬೇಸರವಿಲ್ಲ. ಈಗ ನನ್ನ ಸರದಿ ಬಂತು ಎಂದುಕೊಳ್ಳುತ್ತೇನೆ.

ಐವತ್ತರ ದಶಕದ ಕೊನೆ. ನಾನು ಮೂಡಬಿದ್ರೆಯ ಶಾಲೆಯೊಂದರಲ್ಲಿ ಟೀಚರ್. ಅಪ್ಪ ತೀರಿಹೋಗಿದ್ದರು. ಅಮ್ಮ ಮತ್ತು ನಾನು ಇಬ್ಬರೇ ಇದ್ದ ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ತೀರ್ಮಾನ. ಅವರು ಬಂಟ್ವಾಳದಿಂದ ಒಂದು ಸಂಬಂಧ ತಂದರು. ಹುಡುಗ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್. ಸಭೆಯ ಹಿರಿಯರು, ಹೆಡ್‌ಮಾಸ್ಟರು, ನೆರೆಮನೆಯವರು, ಎಲ್ಲರೂ ಕಣ್ಣು ಮುಚ್ಚಿ ಒಪ್ಪಿಕೋ ಎಂದರು. ನನಗೆ ಮಾತ್ರ ಒಂದು ವಿಷಯ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನೋಡಲು ಬಂದ ದಿನ ಅಮ್ಮ, “ನಿಮಗೆ ಒಪ್ಪಿಗೆ ಉಂಟಲ್ಲ?” ಎಂದು ಕೇಳಿದ್ದಕ್ಕೆ ಅವನು ಅಂಗಳದ ಕಡೆ ನೋಡುತ್ತ, “ಅಪ್ಪ ಹೇಳಿದ ಹಾಗೆ,” ಎಂದಿದ್ದ.

“ಅದು ಮರ್ಯಾದೆ ಮಾರಾಯ್ತಿ,” ಎಂದರು ದೊಡ್ಡಪ್ಪ. “ದೊಡ್ಡವರ ಮಾತು ಕೇಳುವ ಹುಡುಗ ಈಗ ಎಲ್ಲಿ ಸಿಗ್ತಾನೆ?”

ಅವರಿಗೆ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಪ್ರಾರ್ಥಿಸಿದೆ: ಬೇಡವೆಂದಾದರೆ ನೀನೇ ಒಂದು ತಡೆ ಹಾಕು. ನಿಜ ಹೇಳುತ್ತೇನೆ, ನಂಬಿ ಬೇಡಿದ್ದಲ್ಲ. ಹೊಣೆ ನನ್ನ ತಲೆಯಿಂದ ಇಳಿಯಲಿ ಎಂದು ಬೇಡಿದ್ದು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ, ಹುಡುಗನ ಊರಿನಲ್ಲೂ ಹುಡುಗಿಯ ಊರಿನಲ್ಲೂ, ಆರಾಧನೆಯ ನಡುವೆ ಪ್ರಕಟಣೆ ಓದುತ್ತಾರೆ. ತಡೆ ಇದ್ದವರು ಆಗಲೇ ಹೇಳಬೇಕು. ನಮ್ಮ ಅಯ್ಯನವರು, ಪಾದ್ರಿಗಳನ್ನು ನಾವು ಹಾಗೆ ಕರೆಯುವುದು, ಕಾಗದ ಓದಿ ಮುಗಿಸಿ, ಕನ್ನಡಕ ತೆಗೆದು, “ತಡೆ ಉಂಟೋ?” ಎಂದು ಬಾಯ್ಮಾತಿನಲ್ಲಿ ಇನ್ನೊಮ್ಮೆ ಕೇಳುತ್ತಿದ್ದರು. ಎರಡು ಭಾನುವಾರ ಯಾರೂ ಉಸಿರೆತ್ತಲಿಲ್ಲ. ಮೂರನೆಯದರ ಹೊತ್ತಿಗೆ ನನಗೆ ಶೀತವಾಗಿ ಗಂಟಲು ಕಟ್ಟಿತ್ತು. ನಾಲ್ಕು ದಿನದಿಂದ ಸ್ವರವೇ ಹೊರಡುತ್ತಿರಲಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿದ್ದೆ. ಕೆಮ್ಮು ಬಂದೀತೆಂದು ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತೆ. ಬಾಯಲ್ಲಿ ಕಲ್ಲುಸಕ್ಕರೆ, ಹಿಂದೆ ಗೋಡೆ.

“ತಡೆ ಉಂಟೋ?”

“ಉಂಟು.”

ನನ್ನ ಬೆನ್ನ ಹಿಂದಿನಿಂದ, ಹೆಣ್ಣು ಸ್ವರ, ಗಟ್ಟಿಯಾಗಿ. ತಿರುಗಿ ನೋಡಿದೆ. ಸುಣ್ಣ ಬಳಿದ ಗೋಡೆ ಬಿಟ್ಟರೆ ಏನೂ ಇಲ್ಲ. ಮತ್ತೆ ಮುಂದೆ ತಿರುಗಿದರೆ ಇಡೀ ಸಭೆ ನನ್ನನ್ನೇ ನೋಡುತ್ತಿತ್ತು.

ಆರಾಧನೆ ಮುಗಿದ ಮೇಲೆ ಅಯ್ಯನವರ ಕೋಣೆಯಲ್ಲಿ ವಿಚಾರಣೆ. ನಾನು ಕಾಗದದ ಮೇಲೆ ‘ನಾನು ಹೇಳಿದ್ದಲ್ಲ’ ಎಂದು ಬರೆದು ತೋರಿಸಿದೆ. ದೊಡ್ಡಪ್ಪನಿಗೆ ಜೀವ ಬಂತು.

“ನೋಡಿ, ಅವಳಲ್ಲವಂತೆ. ಯಾರೋ ಆಗದವರ ಕೆಲಸ ಇದು. ಮದುವೆ ನಡೆಸುವ,” ಎಂದರು.

ಅಯ್ಯನವರು ನನ್ನ ಕಡೆ ತಿರುಗಿದರು. “ಹೇಳಿದ್ದು ಯಾರೇ ಆಗಲಿ ಮಗಾ. ನಿನ್ನ ಮನಸ್ಸಿನಲ್ಲಿ ತಡೆ ಉಂಟೋ?”

ಅಮ್ಮ ಕಣ್ಣಿನಲ್ಲೇ ಇಲ್ಲವೆನ್ನು, ಇಲ್ಲವೆನ್ನು ಎನ್ನುತ್ತಿದ್ದಳು. ಬೇಡಿದ್ದು ಸಿಕ್ಕಿದ ಮೇಲೆ ನನ್ನದಲ್ಲ ಎನ್ನುವುದು ಹೇಗೆ? ‘ಉಂಟು’ ಎಂದು ಬರೆದುಕೊಟ್ಟೆ.

ದೊಡ್ಡಪ್ಪ ಮತ್ತೆ ನಮ್ಮ ಮನೆಯ ಮೆಟ್ಟಲು ಹತ್ತಲಿಲ್ಲ. ಪ್ರಕಟಣೆಯ ನಡುವೆ ಬಾಯಿ ಹಾಕಿದವಳೆಂದು ಹೆಸರಾಗಿ, ಬೇರೆ ಸಂಬಂಧವೂ ಬರಲಿಲ್ಲ. ಆ ಸ್ವರದ ಒಡತಿಯನ್ನು ನಾನು ವರ್ಷಗಟ್ಟಲೆ ಹುಡುಕಿದೆ. ಮುಂದಿನ ಬೆಂಚಿನವರನ್ನು ಒಬ್ಬೊಬ್ಬರಾಗಿ ಶಂಕಿಸಿದೆ. ಗೋಡೆಯ ಆಚೆ ಹೋಗಿ ನಿಂತು ನೋಡಿದೆ. ಕಿಟಕಿಯಿಲ್ಲ, ಬಿರುಕೂ ಇಲ್ಲ. ಕೊನೆಗೆ ನನ್ನನ್ನೇ ಶಂಕಿಸಿದೆ. ಒಳಗಿನ ಆಸೆಯೇ ಗಂಟಲು ಬಿಡಿಸಿತೋ ಏನೋ.

ಏಳೆಂಟು ವರ್ಷ ಕಳೆದ ಮೇಲೆ ಶಾಲೆಯ ಕೆಲಸಕ್ಕೆಂದು ಬೆಳ್ತಂಗಡಿಗೆ ಹೋಗಿದ್ದೆ. ಬಸ್ಸಿಗೆ ಕಾಯುತ್ತಿದ್ದಾಗ ಆ ರೈಟರನೇ ಎದುರಾದ. ಈಗ ಅಲ್ಲೇ ಹತ್ತಿರದ ಲಾಯಿಲದಲ್ಲಿ ಮನೆಯಂತೆ; ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದ. ನನ್ನ ಮೇಲೆ ಇವನಿಗೆ ಸಿಟ್ಟೇಕಿಲ್ಲ ಎಂದು ಅದಕ್ಕೂ ನನಗೆ ಅನುಮಾನ. ಅವನ ಹೆಂಡತಿ ದಯಾವತಿ ಹೆಚ್ಚು ಮಾತಾಡದೆ, ನನ್ನನ್ನು ಕೈಕಾಲು ತೊಳೆಯಲು ಹಿತ್ತಿಲಿಗೆ ಕರೆದೊಯ್ದಳು. ಮುಖಕ್ಕೆ ನೀರು ಹಾಕಿಕೊಂಡು, ಒರೆಸಿಕೊಳ್ಳಲು ಬಟ್ಟೆಗೆಂದು ಕೈ ಚಾಚಿ, ತಿರುಗದೆಯೇ, “ಬೈರಾಸು ಉಂಟೋ?” ಎಂದೆ.

“ಉಂಟು.”

ಚೆಂಬು ಕೈಯಿಂದ ಜಾರಿತು. ಬೆನ್ನ ಹಿಂದೆ ಅದೇ ಸ್ವರ, ಅದೇ ಒಂದು ಮಾತು. ನೀರು ಒರೆಸಿಕೊಳ್ಳದೆ ಕೇಳಿಯೇ ಬಿಟ್ಟೆ: ನನ್ನ ಮೂರನೆಯ ಪ್ರಕಟಣೆಯ ದಿನ ನೀವು ಎಲ್ಲಿದ್ದಿರಿ?

ಅವಳು ಬೈರಾಸು ಹಿಡಿದುಕೊಂಡೇ ತಲೆ ತಗ್ಗಿಸಿದಳು.

“ಬಂಟ್ವಾಳದ ಇಗರ್ಜಿಯಲ್ಲಿ, ಟೀಚರೇ. ಇವರು ಮೊದಲು ಮಾತು ಕೊಟ್ಟದ್ದು ನನಗೆ. ಇವರ ಅಪ್ಪ ಬಿಡಲಿಲ್ಲ. ಸುಮ್ಮನಿರು ಅಂತ ನಮ್ಮ ಮನೆಯವರೂ ಹೇಳಿದರು. ಆದರೆ ಎದ್ದು ಹೇಳು ಅಂತ ಪ್ರಾರ್ಥನೆಯಲ್ಲಿ ನನಗೆ ಅನ್ನಿಸ್ತಾ ಇತ್ತು. ಅವತ್ತು ಎದ್ದು ನಿಂತೆ. ಬಾಯಿ ತೆರೆದೆ. ಸ್ವರ ಬರಲೇ ಇಲ್ಲ. ಆ ಮದುವೆ ನಿಂತ ಮೇಲೆ ಇವರ ಅಪ್ಪನೇ ಸೋತರು.”

ಇದನ್ನೂ ನಾನು ನಂಬಲಿಲ್ಲ. ಬಂಟ್ವಾಳದ ಇಬ್ಬರನ್ನು ಗುಟ್ಟಾಗಿ ವಿಚಾರಿಸಿದೆ. ಪ್ರಕಟಣೆ ಓದಿದಾಗ ದಯಾವತಿ ಎದ್ದು ನಿಂತು, ಏನೂ ಹೇಳದೆ ಕೂತದ್ದು ನಿಜವಂತೆ. ಎರಡು ಕಡೆಯೂ ಆರಾಧನೆ ಶುರುವಾಗುತ್ತಿದ್ದದ್ದು ಒಂದೇ ಹೊತ್ತಿಗೆ.

ಅಲ್ಲಿ ಬಾರದ ಸ್ವರ ಇಲ್ಲಿ ಗೋಡೆಯಿಂದ ಹೇಗೆ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ದೇವರು ನನ್ನ ಪ್ರಾರ್ಥನೆಗೆ ಉತ್ತರ ಕೊಟ್ಟ ಎಂಬ ಒಂದೇ ಧೈರ್ಯದಲ್ಲಿ ನಾನು ಇಷ್ಟು ವರ್ಷ ಒಂಟಿಯಾಗಿ ಕಳೆದಿದ್ದೆ. ಅದು ಅವಳ ಪ್ರಾರ್ಥನೆಗೆ ಬಂದ ಉತ್ತರವಾಗಿದ್ದರೆ, ನನ್ನದಕ್ಕೆ ಇನ್ನೂ ಬಂದಿಲ್ಲವೇ? ಹಾಗೆಂದುಕೊಂಡಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಅಂದು ಆ ಕಾಗದದ ಮೇಲೆ ಬರೆದ ಅಕ್ಷರ ನನ್ನದೇ. ಅದನ್ನು ಅಳಿಸಬೇಕೆಂದು ಒಂದು ದಿನವೂ ಅನ್ನಿಸಿಲ್ಲ.

ಈಗಲೂ ಯಾರದ್ದಾದರೂ ಪ್ರಕಟಣೆ ಓದುವ ಭಾನುವಾರ ಅದೇ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಬೆಂಚನ್ನು ಹಿಂದಕ್ಕೆ ಸರಿಸಿ, ಗೋಡೆಗೆ ಬೆನ್ನು ಒತ್ತಿ, ನಡುವೆ ಒಂದು ಬೆರಳಿಗೂ ಜಾಗ ಬಿಡದೆ.