ಓದಿ ಹೇಳಿದೆ, ಒಪ್ಪಿದ್ದಾರೆ

ವಕೀಲರ ಕರಿಕೋಟಿನ ಎಡಜೇಬಿನ ತಳ ನೇರಳೆಯಾಗಿತ್ತು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಶಾಯಿಪ್ಯಾಡಿನ ಡಬ್ಬಿ ಅಲ್ಲಿಯೇ ಇರುತ್ತಿತ್ತು, ಅದರ ಮುಚ್ಚಳ ಸಡಿಲ. ವಕೀಲಿ ಶುರುಮಾಡಿದಾಗ ಕೊಂಡ ಡಬ್ಬಿ. ಆರೋಗ್ಯ ಮಂತ್ರಿಯಾದ ಮೇಲೂ ಅದನ್ನು ಬಿಡಲಿಲ್ಲ.

ನಾನು ಎಂ.ಎ. ಮುಗಿಸಿದ ವರ್ಷ ಲಕ್ಷ್ಮೀಪುರಂನ ಅವರ ಮನೆಯಲ್ಲಿ ಇಲಾಖೆಯ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಸೇರಿದೆ. ಬೀದಿಯವರು ಕೊನೆಯವರೆಗೂ ಅವರನ್ನು ವಕೀಲರು ಎಂದೇ ಕರೆದರು. ನಾನೂ.

ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆ ಬರೆದುಕೊಂಡ ಮೇಲೆ ಅದನ್ನು ಸಾಕ್ಷಿಯ ಮುಂದೆಯೇ ಓದಿ ಹೇಳಬೇಕು. ಸರಿ ಎಂದು ಒಪ್ಪಿದ ಮೇಲೆ ರುಜು, ಇಲ್ಲವೇ ಹೆಬ್ಬೆಟ್ಟು. ವಕೀಲರು ಈ ಪದ್ಧತಿಯನ್ನು ಮಂತ್ರಿಗಿರಿಗೂ ತಂದರು. ಯಾವ ನಿಯಮವೂ ಅದು ತಟ್ಟುವ ಜನಕ್ಕೆ ಓದಿ ಹೇಳದೆ ಹೊರಡುವಂತಿರಲಿಲ್ಲ. ಕೊನೆಯಲ್ಲಿ ಒಂದು ಸಾಲು: "ಓದಿ ಹೇಳಿದೆ, ಒಪ್ಪಿದ್ದಾರೆ." ಅದರ ಕೆಳಗೆ ಓದಿದವರ ರುಜು.

ಪರವಾನಗಿ ಇಲ್ಲದೆ ಹೆರಿಗೆ ಮಾಡಿಸುವ ಸೂಲಗಿತ್ತಿಗೆ ಜೈಲು ಎಂಬ ಕರಡು ಬಂದಾಗ, ಸುತ್ತಲ ಹಳ್ಳಿಗಳ ಸೂಲಗಿತ್ತಿಯರನ್ನು ತಮ್ಮ ಮನೆಯ ಜಗಲಿಗೆ ಕರೆಸಿದರು. ಓದುವವಳು ನಾನು. ನನ್ನ ದನಿ ಮೊದಲೇ ಸಣ್ಣದು.

"ಗಟ್ಟಿಯಾಗಿ ಓದಮ್ಮ. ಕೇಳಿಸದೇ ಇರೋದಕ್ಕೆ ಯಾರು ತಾನೆ ಒಪ್ತಾರೆ?" ಎಂದರು ವಕೀಲರು.

ಜೈಲಿನ ಸಾಲು ಬಂತು. ಹತ್ತಿರದ ಬೋಗಾದಿ ಹಳ್ಳಿಯ ಮುದುಕಿಯೊಬ್ಬರು ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡರು. "ಅಂಗಾರೆ, ಲೈಸನ್ಸು ಬರೋಗಂಟ ಒಳ್ಗೇ ಇರು ಅಂತ ಮಗೀಗೆ ನೀವೇ ಯೋಳ್ಬುಡಿ ಸ್ವಾಮಿ!"

ಜಗಲಿಯೆಲ್ಲ ನಗು. ಇಲಾಖೆಯ ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ. "ಇವರ ಕೈಯಲ್ಲಿ ಬಾಣಂತಿಯರು ಸಾಯ್ತಿದಾರೆ ಸಾರ್. ಇವರನ್ನ ಕೇಳಿ ಕಾನೂನು ಮಾಡೋದೇ?"

"ಸಾಯ್ತಿರೋದು ನಿಜ. ಅದಕ್ಕೇ ಇವರಿಗೆ ಕಲಿಸಿ ಅಂತೀನಿ," ಎಂದರು ವಕೀಲರು. "ಇವರನ್ನ ಒಳಗೆ ಹಾಕಿದ್ರೆ, ಆ ಹಳ್ಳಿಗೆ ನೀವು ಹೋಗ್ತೀರೇನ್ರೀ?"

ಕೆಂಪು ಪೆನ್ಸಿಲಿನಲ್ಲಿ ಜೈಲಿನ ಸಾಲನ್ನು ಹೊಡೆದು, ಅದರ ಮೇಲೆ ತರಬೇತಿ, ಸೋಪು, ಕುದಿಸಿದ ಕತ್ತರಿ ಎಂದು ಬರೆದರು. ಅವರ ಪಕ್ಷದವರೇ "ಸೂಲಗಿತ್ತಿ ಮಂತ್ರಿ" ಎಂದು ಆಡಿಕೊಂಡರು. "ಒಳ್ಳೇ ಬಿರುದು ಕಣಮ್ಮ, ಬೋರ್ಡು ಬರೆಸಿಬಿಡೋಣ," ಎಂದು ವಕೀಲರು ನನಗೆ ಹೇಳಿದರು. ಮುಂದಿನ ಮಂತ್ರಿಮಂಡಲದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಅದೇ ಕೋಟು ಹಾಕಿಕೊಂಡು ಕೋರ್ಟಿಗೆ ಮರಳಿದರು. ಆ ದಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, "ನಿನಗೆ ಬೇಕಾಗುತ್ತೆ," ಎಂದರು.

ಆಮೇಲೆ ನನಗೆ ಅದೇ ಇಲಾಖೆಯಲ್ಲಿ ಅನುವಾದದ ಕೆಲಸ ಸಿಕ್ಕಿತು. ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಜೈಲಿನ ಸಾಲು ಹೊಸ ಕರಡಿನಲ್ಲಿ ಮತ್ತೆ ನನ್ನ ಮುಂದೆ ಬಂದು ಕೂತಿತ್ತು. ಕೊನೆಯಲ್ಲಿ ಆಗಲೇ ಟೈಪಾಗಿತ್ತು: "ಓದಿ ಹೇಳಿದೆ, ಒಪ್ಪಿದ್ದಾರೆ."

"ಯಾರಿಗೆ ಓದಿದ್ದು ಸಾರ್?" ಎಂದು ಮೇಲಧಿಕಾರಿಯನ್ನು ಕೇಳಿದೆ.

"ಅದು ಮಾಮೂಲಿ ಸಾಲು ಕಣ್ರೀ. ರುಜು ಹಾಕಿ. ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ, ನೆನಪಿರಲಿ."

ನಾಳೆ ಕೊಡುತ್ತೇನೆ ಎಂದು ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ. ಅದೇ ಮಧ್ಯಾಹ್ನ ಸುದ್ದಿ ಬಂತು. ವಕೀಲರು ಕೋರ್ಟಿನ ವರಾಂಡದಲ್ಲಿ ಕುಸಿದು ತೀರಿಕೊಂಡಿದ್ದರು.

ಸಂಜೆ ಲಕ್ಷ್ಮೀಪುರಂನ ಅವರ ಮನೆಗೆ ಹೋದೆ. ಕೋಟು ಗೂಟದಲ್ಲಿತ್ತು. ಎಡಜೇಬು ಖಾಲಿ, ಕಲೆ ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಬೋಗಾದಿಗೆ ನಡೆದುಹೋಗಿ, ಆ ಮುದುಕಿಯ ಮನೆಯ ಜಗಲಿಯಲ್ಲಿ ಕೂತು, ಕರಡನ್ನು ಮೊದಲಿನಿಂದ ಓದಿದೆ. ಬೀದಿಯ ಆಚೆ ಬದಿಯವರೂ ಹೊರಗೆ ಬಂದು ನಿಂತು ಕೇಳುವಷ್ಟು ಗಟ್ಟಿಯಾಗಿ ಓದಿದೆ. ಮುದುಕಿ ತಲೆಯಾಡಿಸಿ ಬೇಡವೆಂದರು. "ಒಪ್ಪಿದ್ದಾರೆ" ಎಂಬುದನ್ನು ಹೊಡೆದು, "ಒಪ್ಪಲಿಲ್ಲ" ಎಂದು ಬರೆದೆ. ಡಬ್ಬಿ ತೆರೆದು ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅದರ ಕೆಳಗೆ ನನ್ನ ರುಜು ಹಾಕಿ, ಕಛೇರಿಯ ಹೊತ್ತಿಗೆ ಸರಿಯಾಗಿ ಹೊರಟೆ.